ಆನೆ ದಾರಿಯಲ್ಲಿ ನಿಂತು ಓದುವ ವಿದ್ವತ್ಪತ್ರಿಕೆ

ರಾಗಿ ತೆನೆಗಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ತಮಿಳುನಾಡಿನ ಗಡಿ ದಾಟಿ, ಜವಳಗಿರಿ, ತಳಿ ಹಾದು ಸಾನಮಾವಿನ ಕಾಡಿಗೆ ಆನೆಹಿಂಡು ಬರುತ್ತದೆ. ಇತ್ತ ಪಟಾಕಿ ಸಿಡಿಸಿ ಓಡಿಸಿದರೆ ಅತ್ತಲ ಹೊಲ ತುಳಿತಕ್ಕೆ ಸಿಗುತ್ತದೆ. ಎರಡು ರಾಜ್ಯದವರೂ ಕೂಡಿಯೇ ಕೆಲಸ ಮಾಡಬೇಕು. ಈ ತೊಡಕು ಬಲ್ಲವರಿಗೆ ‘ಇಂಟರ್‌ನ್ಯಾಷನಲ್ ಆರ್ಗನೈಸೇಷನ್’ ಎಂಬ ತ್ರೈಮಾಸಿಕ ದೂರದ್ದೇನಲ್ಲ. ವಿಶ್ವಸಂಸ್ಥೆ ಹುಟ್ಟಿದ ಎರಡೇ ವರ್ಷಕ್ಕೆ, 1947ರಲ್ಲಿ, ಅಮೆರಿಕದಲ್ಲಿ ಶುರುವಾದ ಪತ್ರಿಕೆ ಇದು. ಮೊದಮೊದಲು ಅದರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ಸಭೆ, ನಿರ್ಣಯಗಳ ವರದಿಗೂ ಜಾಗವಿತ್ತು. ಬರುಬರುತ್ತ ಒಂದು ಪ್ರಶ್ನೆ ಗಟ್ಟಿಯಾಯಿತು: ಮೇಲೆ ಕೇಳುವವರಿಲ್ಲದಿದ್ದರೂ ದೇಶಗಳು ಕೊಟ್ಟ ಮಾತಿಗೆ ನಿಲ್ಲುವುದೇಕೆ?

ಇದರ ಲೇಖನ ಹಿಡಿದ ಹೊಸಬರು ಸಾರಾಂಶ ಓದಿ ನೇರ ಕೊನೆಗೆ ಹಾರುತ್ತಾರೆ. ಬೇಡ, ಮೊದಲು ಒಗಟು ಹುಡುಕಿ. 1988ರಲ್ಲಿ ಈ ಪತ್ರಿಕೆಯಲ್ಲಿ ಬಂದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪುಟ್ನಮ್ ಅವರ ಲೇಖನ, ದೊಡ್ಡ ಕೈಗಾರಿಕಾ ದೇಶಗಳ 1978ರ ಬಾನ್ ಶೃಂಗಸಭೆಯಿಂದ ತೊಡಗುತ್ತದೆ. ಪಶ್ಚಿಮ ಜರ್ಮನಿ ಸರ್ಕಾರಿ ಖರ್ಚು ಹೆಚ್ಚಿಸಲು ಒಪ್ಪಿತು, ಅಮೆರಿಕ ತೈಲಬೆಲೆಯ ಮೇಲಿನ ಹಿಡಿತ ಬಿಡಲು ಒಪ್ಪಿತು. ಸ್ವದೇಶದಲ್ಲಿ ಅಷ್ಟು ವಿರೋಧವಿದ್ದೂ ಹೇಗೆ? ಸಂಧಾನಕ್ಕೆ ಕೂತವನ ಮುಂದೆ ಎರಡು ಮೇಜು ಇರುತ್ತವೆ ಎನ್ನುತ್ತಾರೆ ಪುಟ್ನಮ್, ಒಂದರಲ್ಲಿ ಹೊರದೇಶದವರು, ಇನ್ನೊಂದರಲ್ಲಿ ತನ್ನವರು. ಹೊರಗಿನವರು ಕೇಳಿದ್ದನ್ನೇ ಬಯಸುತ್ತಿದ್ದ ಗುಂಪೊಂದು ಆಯಾ ಸರ್ಕಾರದೊಳಗೇ ಇತ್ತು. ನನಗೆ ಬಹಳ ಹಿಡಿಸಿದ ತಿರುವು ಇನ್ನೊಂದು: ಮನೆಯವರು ಕೈ ಕಟ್ಟಿಹಾಕಿದಷ್ಟೂ ಹೊರಗೆ ಚೌಕಾಸಿಯ ಬಲ ಹೆಚ್ಚಬಹುದು. ದನದ ಸಂತೆಯಲ್ಲಿ “ನಾನೊಪ್ಪಿದ್ರೂ ಮನೇಲಿ ಒಪ್ಪಲ್ಲ ಕಣಣ್ಣ” ಎನ್ನುವವನ ಮುಂದೆ ದರ ಇಳಿಯುವುದನ್ನು ಕಂಡವರಿಗೆ ಇದು ತಟ್ಟನೆ ಹೊಳೆಯುತ್ತದೆ.

ಒಗಟು ಸಿಕ್ಕ ಮೇಲೆ, ಲೇಖಕರು ಬೇರೆಯವರ ಉತ್ತರಗಳನ್ನು ಹೇಗೆ ತೂಗುತ್ತಾರೆ ನೋಡಿ. ಲೇಖನದ ಪ್ರಾಮಾಣಿಕತೆ ಗೊತ್ತಾಗುವುದು ಅಲ್ಲೇ. 1989ರಲ್ಲಿ ಇದೇ ಪತ್ರಿಕೆಯಲ್ಲಿ ಪೀಟರ್ ಹಾಸ್ ಮೆಡಿಟರೇನಿಯನ್ ಸಮುದ್ರದ ಮಾಲಿನ್ಯದ ಬಗ್ಗೆ ಬರೆದರು. ತಮ್ಮತಮ್ಮಲ್ಲಿ ಜಗಳವಾಡುವ ದೇಶಗಳೂ ಒಂದೇ ಯೋಜನೆಗೆ ಸೇರಿದ್ದು ಬಲಾಢ್ಯ ದೇಶದ ಒತ್ತಡದಿಂದಲೇ? ಅಷ್ಟೇ ಸಾಲದು ಎನ್ನುತ್ತಾರೆ ಅವರು. ಪರಿಸರ ತಜ್ಞರ ಮಾತು ಸರ್ಕಾರದೊಳಗೆ ನಡೆದ ಕಡೆ ಯೋಜನೆಗೆ ಬೆಂಬಲ ಬಲವಾಯಿತು.

ಕೋಷ್ಟಕ, ಸಮೀಕರಣ ಕಂಡು ಅಳುಕಬೇಡಿ, ಎರಡನೇ ಓದಿಗಿರಲಿ. ಅಡಿಟಿಪ್ಪಣಿ ಮಾತ್ರ ಬಿಡಬೇಡಿ, ಹಳೆಯ ವಾದವಿವಾದ ಅಲ್ಲಿ ಜೀವಂತವಾಗಿರುತ್ತದೆ. ಇಲ್ಲಿಯ ಗಡಿಗೆ ಈ ವಿಚಾರಗಳನ್ನು ಹಚ್ಚುವಾಗ ಎಚ್ಚರವೂ ಬೇಕು: ಎರಡು ರಾಜ್ಯಗಳ ಮೇಲೆ ಕೇಂದ್ರವಿದೆ, ಸುಪ್ರೀಂ ಕೋರ್ಟಿದೆ, ದೇಶಗಳ ಮೇಲೆ ಅಂಥದ್ದಿಲ್ಲ.

2020ರಲ್ಲಿ ಗಾಂಧಿನಗರದಲ್ಲಿ ಸೇರಿದ ವಲಸೆ ಜೀವಿಗಳ ಒಪ್ಪಂದದ ಸಭೆ ಏಷ್ಯಾದ ಆನೆಯನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಾದ ಮೊದಲನೇ ಅನುಬಂಧಕ್ಕೆ ಸೇರಿಸಿತು. ಮುಂದಿನ ಲೇಖನ ಕೈಗೆತ್ತಿಕೊಂಡಾಗ ಅದನ್ನು ನೆನೆದು ಕೇಳಿ: ಅನುಬಂಧದ ಆ ಸಾಲು ಸಾನಮಾವಿನ ರಾಗಿ ಹೊಲದ ಬದುವಿಗೆ ತಲುಪುವಷ್ಟರಲ್ಲಿ ಯಾರ್ಯಾರ ಕೈ ದಾಟುತ್ತದೆ, ತುಳಿದ ಬೆಳೆಯ ನಷ್ಟ ಯಾರ ಪಾಲಿಗೆ ಬೀಳುತ್ತದೆ?