ನಾಲ್ಕು ನಾಡುಗಳ ಒಂದು ಗ್ರಂಥ

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಆದರೆ ಆ ಧನವನ್ನು ಕೊಡುವವರಾರು, ಪಡೆಯುವವರಾರು, ಕೊಟ್ಟದ್ದು ಎಲ್ಲಿಯವರೆಗೆ ಮುಟ್ಟಿತು ಎಂಬ ವಿಚಾರಣೆಯೂ ಅಷ್ಟೇ ಅಗತ್ಯವಾದುದು. ಭೂಮಿಯ ತಾಪ ಏರುವುದನ್ನು ಬೇಗನೆ ತಡೆಯಲು ರಾಷ್ಟ್ರಗಳು ತಮ್ಮ ತಿಳಿವಳಿಕೆಯನ್ನು ಹಂಚಿಕೊಳ್ಳಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತಿರುವಾಗ, 1988ರಲ್ಲಿ ಪ್ರಕಟವಾದ ‘ಎನರ್ಜಿ ಫಾರ್ ಎ ಸಸ್ಟೇನಬಲ್ ವರ್ಲ್ಡ್’ ಎಂಬ ಗ್ರಂಥವನ್ನು ಈ ದೃಷ್ಟಿಯಿಂದ ಮತ್ತೆ ಪರಿಶೀಲಿಸುವುದು ಉಚಿತವಾಗಿದೆ.

ಗ್ರಂಥಕರ್ತರು ನಾಲ್ವರು: ಬ್ರೆಜಿಲಿನ ಜೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಥಾಮಸ್ ಯೊಹಾನ್ಸನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ, ಅಮೆರಿಕದ ರಾಬರ್ಟ್ ವಿಲಿಯಮ್ಸ್. ಇಬ್ಬರು ಸಿರಿವಂತ ನಾಡುಗಳವರು, ಇಬ್ಬರು ಬಡ ನಾಡುಗಳವರು. ಆದರೂ ಇಲ್ಲಿ ಗುರುಶಿಷ್ಯ ಸಂಬಂಧವಿಲ್ಲ. ಪ್ರತಿಯೊಬ್ಬರೂ ತಮ್ಮ ನೆಲದ ಅನುಭವವನ್ನು ತಂದು ಸಮಾನರಾಗಿ ಕುಳಿತಿದ್ದಾರೆ. ಗ್ರಂಥದ ಮೊದಲ ಗುಣ ಇದು.

ಎರಡನೆಯದು ಅದರ ವಿಚಾರಸರಣಿ. ಶಕ್ತಿಯನ್ನು ಎಷ್ಟು ಉತ್ಪಾದಿಸಬೇಕೆಂದು ಕೇಳುವುದು ಯೋಜನಾಕಾರರ ವಾಡಿಕೆ. ಈ ನಾಲ್ವರಾದರೋ ಶಕ್ತಿಯು ಯಾವ ಕೆಲಸಕ್ಕೆ ಬೇಕೆಂದು ಮೊದಲು ಕೇಳುತ್ತಾರೆ. ಜನರಿಗೆ ಬೇಕಾದುದು ಸೌದೆಯಲ್ಲ, ಬೆಂದ ಅನ್ನ, ವಿದ್ಯುತ್ತಲ್ಲ, ಬೆಳಕು. ಆ ಕೆಲಸವನ್ನು ಅತ್ಯುತ್ತಮ ಸಾಧನಗಳಿಂದ ಮಾಡಿದಲ್ಲಿ, ತಲೆಗೆ ಸುಮಾರು ಒಂದು ಕಿಲೊವಾಟ್ ಶಕ್ತಿಯಿಂದಲೇ 1970ರ ದಶಕದ ಪಶ್ಚಿಮ ಯೂರೋಪಿನ ಜೀವನಮಟ್ಟವನ್ನು ಪಡೆಯಬಹುದೆಂದು ಅವರು 1985ರಲ್ಲಿಯೇ ಲೆಕ್ಕಹಾಕಿ ತೋರಿಸಿದ್ದರು. ಸಿರಿವಂತ ನಾಡುಗಳು ಹೊಗೆಯುಗುಳುತ್ತ ನಡೆದ ದಾರಿಯನ್ನೇ ಬಡ ನಾಡುಗಳೂ ಹಿಡಿಯಬೇಕಾಗಿಲ್ಲವೆಂಬುದು ಇದರ ತಾತ್ಪರ್ಯ.

ಈ ವಿಚಾರದ ಒಂದು ಬೇರು ಕನ್ನಡ ನೆಲದಲ್ಲಿದೆ. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಸೌದೆ, ನೀರು, ದುಡಿಮೆ ಇವನ್ನೆಲ್ಲ ಅಳೆದರು. ಸೌದೆ ಆಯುವ, ನೀರು ಹೊರುವ ಶ್ರಮದಲ್ಲಿ ಬಹುಪಾಲು ಹೆಂಗಸರು ಮಕ್ಕಳದೆಂಬುದು ಆ ಅಳತೆಯಿಂದ ಸ್ಪಷ್ಟವಾಯಿತು. ಹೀಗೆ ಹಳ್ಳಿಯ ಅಡುಗೆಮನೆಯೂ ಜಗತ್ತಿನ ಲೆಕ್ಕಕ್ಕೆ ಬಂದಿತು.

ಇಷ್ಟಾದರೂ ಗ್ರಂಥದಲ್ಲಿ ಒಂದು ಕೊರತೆಯುಂಟು. 1980ರಲ್ಲಿ 10.3 ಟೆರಾವಾಟ್ ಇದ್ದ ಜಗತ್ತಿನ ಶಕ್ತಿಬಳಕೆಯನ್ನು 2020ರ ವೇಳೆಗೆ 11.2ರಲ್ಲಿಯೇ ನಿಲ್ಲಿಸಬಹುದೆಂದು ಅದು ನಿರೂಪಿಸಿತು. ಅದು ಭವಿಷ್ಯವಾಣಿಯಲ್ಲ, ಸಾಧ್ಯತೆಯ ಚಿತ್ರ. ಆದರೆ 2020ರಲ್ಲಿ ನಿಜವಾದ ಬಳಕೆ ಅದರ ಒಂದೂವರೆ ಪಟ್ಟನ್ನೂ ಮೀರಿತ್ತು. ಲೆಕ್ಕ ಸರಿಯಾಗಿದ್ದೂ ಲೋಕ ಆ ದಾರಿ ಹಿಡಿಯಲಿಲ್ಲವೇಕೆ? ಒಳ್ಳೆಯ ಸಾಧನ ಕಾಲಕ್ರಮದಲ್ಲಿ ಅಗ್ಗವಾದರೂ ಮೊದಲ ದಿನ ದುಬಾರಿ. ನಾಳೆಯ ಉಳಿತಾಯಕ್ಕಾಗಿ ಇಂದು ಹಣ ಹೂಡಬಲ್ಲವನು ಬಡವನಲ್ಲ. ಆ ಹಣವನ್ನು ಒದಗಿಸುವವರಾರು, ಸಾಧನ ಕೆಟ್ಟಾಗ ನೋಡಿಕೊಳ್ಳುವವರಾರು ಎಂಬ ಪ್ರಶ್ನೆಗಳಿಗೆ ಗ್ರಂಥದಲ್ಲಿ ಸಿಗುವ ಉತ್ತರ ಅದರ ತಾಂತ್ರಿಕ ಅಧ್ಯಾಯಗಳಷ್ಟು ದೃಢವಾಗಿಲ್ಲ.

ಈ ಕೊರತೆಯನ್ನು ಮುಂದೆ ಮನಗಾಣಿಸಿದವರೂ ರೆಡ್ಡಿಯವರೇ. ಶಕ್ತಿಯ ಮಿತವ್ಯಯಕ್ಕೆ ಅಡ್ಡಬರುವ ತಡೆಗಳನ್ನು ಅವರು 1991ರ ಲೇಖನವೊಂದರಲ್ಲಿ ವಿಂಗಡಿಸಿದರು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸೆಗಣಿಯ ಅನಿಲದಿಂದ ಮೊದಲು ಅಡುಗೆಗೆ ನಡೆದ ಯತ್ನ ಫಲಿಸಲಿಲ್ಲ. ಅನಂತರ ಅದೇ ಅನಿಲದಿಂದ ಎಂಜಿನ್ ನಡೆಸಿ ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಿದರು. ಕೆಲವು ವರ್ಷ ಚೆನ್ನಾಗಿ ನಡೆದ ಆ ವ್ಯವಸ್ಥೆಯೂ ನಿಂತಿತು. ಅದರ ಏಳುಬೀಳುಗಳಿಂದ ಕಲಿಯಬೇಕಾದ ಪಾಠಗಳನ್ನು ಅವರು 2004ರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಗೆಲುವನ್ನು ಸಾರುವವರು ಬಹುಮಂದಿ. ಸೋಲನ್ನು ಹಂಚಿಕೊಳ್ಳುವವರು ವಿರಳ. ಮತ್ತೊಂದು ನಾಡು ಅದೇ ತಪ್ಪಿನಲ್ಲಿ ಹತ್ತು ವರ್ಷ ಕಳೆಯದಿರಲು ಎರಡನೆಯದೇ ಹೆಚ್ಚು ನೆರವಾಗುವುದು.

2015ರ ಪ್ಯಾರಿಸ್ ಒಪ್ಪಂದದ ಹತ್ತನೆಯ ವಿಧಿ ತಂತ್ರಜ್ಞಾನದಲ್ಲಿ ರಾಷ್ಟ್ರಗಳ ಸಹಕಾರವನ್ನು ವಿಧಿಸಿದೆ. ಆ ಸಹಕಾರದ ಸತ್ವವನ್ನು ಅಳೆಯಲು ಈ ಗ್ರಂಥವೂ ಪುರದ ಪಾಠವೂ ಒಟ್ಟಾಗಿ ಒರೆಗಲ್ಲಾಗಬಲ್ಲವು. ಪುರದವರು ತಮ್ಮ ಬದುಕಿನ ಲೆಕ್ಕವನ್ನು ಕೊಟ್ಟದ್ದು ಕನ್ನಡದಲ್ಲಿ. ಅದು ಜಗತ್ತಿಗೆ ತಲುಪಿದ್ದು ಇಂಗ್ಲಿಷಿನಲ್ಲಿ. ಅದರಿಂದ ದೊರೆತ ಅರಿವು ಅಂಥ ಹಳ್ಳಿಗಳಿಗೆ ಅವುಗಳ ನುಡಿಯಲ್ಲಿ ಹಿಂದಿರುಗಿದಾಗಲೇ ಈ ಹಂಚಿಕೆ ಪೂರ್ಣವಾಗುವುದು.