ಹಿಂಬದಿ ನೋಡದ ಗುರುತು: ಪೈಠಣಿ, ಹಿಮ್ರುಗಳ ಸಂರಕ್ಷಣೆ

ಛತ್ರಪತಿ ಸಂಭಾಜಿನಗರ ಜಿಲ್ಲೆ ಎರಡು ನೇಯ್ಗೆಗಳಿಗೆ ಹೆಸರಾದದ್ದು: ಗೋದಾವರಿ ದಂಡೆಯ ಪೈಠಣದ ಪೈಠಣಿ, ನಗರದ ಹಿಮ್ರು. ಪೈಠಣಿಯ ಮಗ್ಗಗಳು ಇಂದು ಹೆಚ್ಚಾಗಿ ನಾಸಿಕ್ ಜಿಲ್ಲೆಯ ಯೇವಲಾದಲ್ಲಿವೆ. ಇಂಥ ಹಳೆಯ ಬಟ್ಟೆ ಸಂಗ್ರಹಾಲಯ ಸೇರಿದಾಗ ಸೆರಗಿನ ಚಿತ್ತಾರ ನೋಡಿ ಹೆಸರಿಡುವುದು ಸುಲಭ. ಆದರೆ ಗಟ್ಟಿ ಸಾಕ್ಷ್ಯವಿರುವುದು ಹಿಂಬದಿಯಲ್ಲಿ.

ಕೈಮಗ್ಗದ ಪೈಠಣಿಯಲ್ಲಿ ಒಂದೊಂದು ಬಣ್ಣದ ಹೊಕ್ಕುನೂಲೂ ತನ್ನ ಆಕೃತಿಯ ಅಂಚಿನವರೆಗೆ ಮಾತ್ರ ಹೋಗಿ ಪಕ್ಕದ ನೂಲಿಗೆ ಹೆಣೆದುಕೊಂಡು ಹಿಂತಿರುಗುತ್ತದೆ. ಹೀಗಾಗಿ ಗಿಳಿಯಾಗಲಿ, ಅಸಾವಳಿ ಬಳ್ಳಿಯಾಗಲಿ ಎರಡೂ ಮಗ್ಗುಲಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತದೆ. ಹಿಮ್ರುವಿನಲ್ಲಿ ಹಾಸು ಹತ್ತಿಯದು; ಚಿತ್ತಾರ ಮೂಡಿಸುವ ಹೆಚ್ಚುವರಿ ರೇಷ್ಮೆನೂಲು ಬೇಡವಾದ ಕಡೆ ಹಿಂದೆ ಸಡಿಲವಾಗಿ ಉಳಿಯುತ್ತದೆ. ಇಳಕಲ್ ಸೀರೆಯನ್ನು ಮೈ ಮತ್ತು ಸೆರಗಿನ ಹಾಸು ಸೇರುವ ಕೊಂಡಿಯಿಂದ ಗುರುತಿಸುವುದೂ ಇದೇ ಬಗೆಯ ಓದು. ಹರಿದ ಬಟ್ಟೆಗೆ ಬಲ ಬರಲೆಂದು ಹಿಂದೆ ಪೂರ್ತಿ ಅಸ್ತರಿ ಹೊಲಿದರೆ ಈ ದಾಖಲೆಯೇ ಮುಚ್ಚಿಹೋಗುತ್ತದೆ.

ಕಾಲನಿರ್ಣಯಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು. ನಗರದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದ ಪೈಠಣಿ 400 ವರ್ಷ ಹಳೆಯದೆಂದು ಪ್ರವಾಸಿ ಬರಹಗಳು ಹೇಳುತ್ತವೆ. ಇಂಥ ದುಂಡು ಸಂಖ್ಯೆಯ ಜೊತೆಗೆ ಬಣ್ಣ, ಜರಿ, ನೇಯ್ಗೆಗಳ ಆಧಾರವನ್ನೂ ಕೊಟ್ಟರೆ ಮಾತ್ರ ನೋಡುಗರಿಗೆ ನ್ಯಾಯ ಸಲ್ಲುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದ ರಾಸಾಯನಿಕ ಬಣ್ಣ ಮೂಲ ನೇಯ್ಗೆಯ ನೂಲಿನಲ್ಲೇ ಕಂಡರೆ ಬಟ್ಟೆ ಅದಕ್ಕಿಂತ ಹಳೆಯದಲ್ಲ. ರೇಷ್ಮೆಯೋ ಹತ್ತಿಯೋ ಎಂದು ತಿಳಿಯಲು ಮನೆಯಲ್ಲಿ ನೂಲು ಸುಟ್ಟು ವಾಸನೆ ನೋಡುವುದುಂಟು. ಸಂಗ್ರಹಾಲಯದಲ್ಲಿ ತಾನಾಗಿ ಉದುರಿದ ಒಂದು ಎಳೆ, ಸೂಕ್ಷ್ಮದರ್ಶಕ ಸಾಕು.

ಸಂರಕ್ಷಣೆಯಲ್ಲಿ ಮೊದಲು ಬಿಡಬೇಕಾದದ್ದು ಮಡಿಸಿಡುವ ರೂಢಿ. ಜರಿಯೆಂದರೆ ರೇಷ್ಮೆ ಎಳೆಗೆ ಸುತ್ತಿದ ಲೋಹದ ತೆಳು ಪಟ್ಟಿ. ಮಡಿಕೆ ಬಿದ್ದಲ್ಲಿ ಅದು ಸೀಳಿ ಒಳಗಿನ ರೇಷ್ಮೆಯನ್ನೂ ಕತ್ತರಿಸುತ್ತದೆ. ಸೀರೆಯನ್ನು ಆಮ್ಲರಹಿತ ಕಾಗದ ಹೊದಿಸಿದ ದಪ್ಪ ಕೊಳವೆಗೆ ಸಡಿಲವಾಗಿ ಸುತ್ತಿ, ಗಂಜಿ ಹೋಗುವಂತೆ ಒಗೆದ ಹತ್ತಿಬಟ್ಟೆ ಹೊದಿಸಬೇಕು. ಗಂಜಿ ಬೆಳ್ಳಿಹುಳುವಿಗೆ ಆಹಾರ. ಕಪ್ಪಾದ ಬೆಳ್ಳಿಜರಿಯನ್ನು ಉಜ್ಜಿ ಹೊಳಪಿಸುವುದಂತೂ ಕೂಡದು: ತೆಳು ಚಿನ್ನದ ಲೇಪ ಅದರೊಂದಿಗೇ ಹೋಗುತ್ತದೆ.

ಬೆಳಕಿನ ಹಾನಿ ಮರಳಿ ಸರಿಯಾಗುವಂಥದ್ದಲ್ಲ. ಪ್ರದರ್ಶನದ ಬೆಳಕಿಗೆ ಹಾಕುವ 50 ಲಕ್ಸ್ ಮಿತಿಯೂ ಹಾನಿಯನ್ನು ನಿಧಾನಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಆದ್ದರಿಂದ ಒಂದೇ ಸೀರೆಯನ್ನು ವರ್ಷಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕುವ ಪ್ರದರ್ಶನ, ಎಷ್ಟೇ ಸುಂದರವಾಗಿದ್ದರೂ, ಒಪ್ಪತಕ್ಕದ್ದಲ್ಲ. ಕೆಲವು ತಿಂಗಳಿಗೊಮ್ಮೆ ಬಟ್ಟೆ ಬದಲಿಸಿ, ಇಳಿಜಾರು ಹಲಗೆಯ ಮೇಲೆ ಹರಡಿ, ಪಕ್ಕದಲ್ಲಿ ಹಿಂಬದಿಯ ದೊಡ್ಡ ಛಾಯಾಚಿತ್ರವಿಟ್ಟರೆ ನೇಕಾರರ ಕೌಶಲವೂ ಕಾಣುತ್ತದೆ, ನೂಲಿಗೂ ವಿರಾಮ ಸಿಗುತ್ತದೆ.