ಕೆಳಗಿಳಿದು ಬಂದ ತರಗತಿ

ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ನಮ್ಮ ಸಾಸಲು ಸೀಮೆಯಲ್ಲಿ ಅದು ರಾಗಿ ಕುಯ್ಲಿನ ಹೊತ್ತು, ಜನ ಸೇರುವುದೇ ಕಷ್ಟ. ಆದರೂ ಎಲ್ಲೋ ಒಂದು ಕಡೆ ಶಾಮಿಯಾನ ಏಳುತ್ತದೆ, ಮೈಕು ಕಿರುಗುಟ್ಟುತ್ತದೆ, ಭಾಷಣದೊಳಕ್ಕೆ ಗಾಲಿಕುರ್ಚಿಯ ಕ್ರೀಡಾಪಟು ಮಾಲತಿ ಹೊಳ್ಳ ಬಂದೇ ಬರುತ್ತಾರೆ. ಅಂಥ ಒಂದು ಸಭೆಯಲ್ಲಿ ನಾನೂ ಕೂತಿದ್ದೆ. ‘ಕಾಲಿಲ್ಲದಿದ್ದರೇನು, ಛಲ ಇತ್ತು’ ಎಂದರು ಭಾಷಣಕಾರರು. ಮೂರು ಗಾಲಿಯ ಸೈಕಲ್ಲಿನಲ್ಲಿ ಬಂದಿದ್ದ ಹುಡುಗನೊಬ್ಬ ವೇದಿಕೆಯ ಬುಡದಲ್ಲಿದ್ದ. ಶಾಲು ಹೊದಿಸುವ ಹೊತ್ತಿಗೆ ಇಬ್ಬರು ಅವನನ್ನು ಎತ್ತಿ ಮೇಲೆ ಕೂರಿಸಿದರು. ಫೋಟೊ ಆಯಿತು. ಮತ್ತೆ ಎತ್ತಿ ಕೆಳಗಿಳಿಸಿದರು.

ಮಾಲತಿಯವರ ಬದುಕನ್ನು ಹೇಳುವ ಈ ಧಾಟಿಯ ಬಗ್ಗೆಯೇ ನನ್ನ ತಕರಾರು. 1958ರ ಜುಲೈ 6ರಂದು ಹುಟ್ಟಿದ ಬೆಂಗಳೂರಿನ ಕೂಸು; ಒಂದು ವರ್ಷದ ಆಸುಪಾಸಿನಲ್ಲಿ ಪೋಲಿಯೊ ಜ್ವರ; ಕರೆಂಟು ಶಾಕಿನ ಚಿಕಿತ್ಸೆಯಿಂದ ಸೊಂಟದ ಮೇಲಿನ ಮೈಗಷ್ಟೇ ಮರಳಿದ ಬಲ; ಚೆನ್ನೈನ ಚಿಕಿತ್ಸಾ ಕೇಂದ್ರದಲ್ಲಿ ಕಳೆದ ಬಾಲ್ಯ; ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ; 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ. ಇಷ್ಟು ಎಲ್ಲರ ಬಾಯಲ್ಲೂ ಇದೆ. ಪದಕಗಳ ಲೆಕ್ಕ ಮಾತ್ರ ಒಬ್ಬರ ಬಾಯಲ್ಲಿ ಮುನ್ನೂರು, ಇನ್ನೊಬ್ಬರ ಬಾಯಲ್ಲಿ ನಾನೂರು. 1988ರ ಸೋಲ್‌ನಿಂದ ಮೊದಲ್ಗೊಂಡು ಪ್ಯಾರಾಲಿಂಪಿಕ್ಸ್‌ಗೆ ಹೋದರೂ ಅಲ್ಲಿ ಅವರಿಗೆ ಪದಕ ಸಿಗಲಿಲ್ಲ. ಭಾರತದ ಹೆಣ್ಣುಮಗಳೊಬ್ಬಳಿಗೆ ಅದು ಮೊದಲು ದಕ್ಕಿದ್ದು 2016ರ ರಿಯೊದಲ್ಲಿ, ದೀಪಾ ಮಲಿಕ್‌ಗೆ. ಮಾಲತಿಯವರಿಗೆ ಅಲ್ಲಿ ಪದಕ ಸಿಗದ ಸಂಗತಿಯನ್ನು ಭಾಷಣಕಾರರು ನುಂಗಿಕೊಳ್ಳುತ್ತಾರೆ. ಯಾಕೆ ನುಂಗಬೇಕೋ ತಿಳಿಯದು. 1989ರಲ್ಲಿ ಡೆನ್ಮಾರ್ಕಿನ ವಿಶ್ವ ಮಾಸ್ಟರ್ಸ್ ಕೂಟದಲ್ಲಿ 200 ಮೀಟರ್ ಗಾಲಿಕುರ್ಚಿ ಓಟ, ಗುಂಡು, ಡಿಸ್ಕಸ್, ಜಾವೆಲಿನ್ ನಾಲ್ಕರಲ್ಲೂ ಚಿನ್ನ ಗೆದ್ದವರಿಗೆ ಉಪ್ಪುಖಾರ ಹಚ್ಚುವ ಅಗತ್ಯವೇನಿದೆ?

ಕೂತು ಗುಂಡು ಎಸೆಯುವುದು ಹೇಗೆ ಎಂದು ಯಾರೂ ವಿವರಿಸುವುದಿಲ್ಲ. ಎಸೆಯುವವರು ಕೂರುವ ಚೌಕಟ್ಟನ್ನು ಪಟ್ಟಿಗಳಿಂದ ಬಿಗಿದು ನೆಲಕ್ಕೆ ಕಟ್ಟುತ್ತಾರೆ. ಎಸೆದು ಮುಗಿಯುವವರೆಗೂ ಕುಂಡೆ ಆಸನ ಬಿಟ್ಟು ಏಳಬಾರದು, ಎದ್ದರೆ ಆ ಎಸೆತ ಲೆಕ್ಕಕ್ಕಿಲ್ಲ. ಇಂದಿನ ನಿಯಮದಂತೆ ಮೆತ್ತೆಯೂ ಸೇರಿ ಆಸನದ ಎತ್ತರ 75 ಸೆಂಟಿಮೀಟರ್ ಮೀರುವಂತಿಲ್ಲ. ನಿಂತು ಎಸೆಯುವವರಿಗೆ ಕಾಲಿನಿಂದ ಹುಟ್ಟುವ ತಳ್ಳು ಇಲ್ಲಿ ಇಲ್ಲ. ಬೆನ್ನು ತಿರುವಿ, ಭುಜದಿಂದ ಹುಟ್ಟಿಸಬೇಕು. ಇದು ವರ್ಷಗಟ್ಟಲೆ ರೂಢಿಸಿಕೊಂಡ ಕಸುಬು. ‘ಛಲ’ ಎಂಬ ಒಂದೇ ಮಾತು ಆ ಕಸುಬನ್ನು ಮರೆಮಾಡುತ್ತದೆ. ಮಾಲತಿಯವರಿಗೆ ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿ ಇತ್ತು ಎಂಬುದೂ ಹಾಗೇ ಮರೆಯಾಗುತ್ತದೆ. ತಿಂಗಳ ಸಂಬಳ ಭಾಷಣಕ್ಕೆ ಒದಗುವ ಸರಕಲ್ಲ, ನೋಡಿ.

ಅವರು ಕಟ್ಟಿದ ಮಾತೃ ಫೌಂಡೇಶನ್ನೇ ಎಲ್ಲಕ್ಕಿಂತ ದೊಡ್ಡ ಸಾಧನೆ ಎನ್ನುವವರಿದ್ದಾರೆ. ಈ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಹಳ್ಳಿಯ ಬಡ ಮನೆಗಳ ಅಂಗವಿಕಲ ಮಕ್ಕಳಿಗೆ ಅಲ್ಲಿ ಊಟ, ಓದು, ಚಿಕಿತ್ಸೆ ಸಿಕ್ಕಿದೆ; ಕೆಲಸ ದೊಡ್ಡದೇ. ಆದರೆ ಆ ಮಕ್ಕಳು ಊರು ಬಿಟ್ಟು ಬೆಂಗಳೂರಿನ ಆಶ್ರಯಕ್ಕೆ ಯಾಕೆ ಬರಬೇಕಾಯಿತು ಎಂದು ಹೊಗಳುವವರು ಕೇಳುವುದಿಲ್ಲ. ಅಂಗವಿಕಲರ ಹಕ್ಕಿಗೆಂದು 1995ರಲ್ಲಿ ಒಂದು ಕಾಯ್ದೆ ಬಂತು, 2016ರಲ್ಲಿ ಇನ್ನೊಂದು. ಬಸ್ಸಿನ ಮೊದಲ ಮೆಟ್ಟಿಲು ನಮ್ಮ ಕಡೆ ಈಗಲೂ ಮಂಡಿ ಮಟ್ಟಕ್ಕಿದೆ.

ನನಗೆ ಹಿಡಿಸಿದ ಪ್ರಸಂಗ ಬೇರೆ. ಮಾಲತಿಯವರೇ ಹೇಳಿಕೊಂಡದ್ದು. ಮಹಾರಾಣಿ ಕಾಲೇಜು ಸೇರಿದಾಗ ತರಗತಿ ಮಹಡಿಯ ಮೇಲಿತ್ತು. ಹತ್ತಲು ಹೋಗಿ ಬಿದ್ದರು. ಮೆಟ್ಟಿಲು ಹತ್ತುವುದನ್ನು ಕಲಿತೇ ತೀರುತ್ತೇನೆ ಎಂದು ಹೊರಡಲಿಲ್ಲ. ಪ್ರಾಂಶುಪಾಲರ ಹತ್ತಿರ ಹೋಗಿ, ತರಗತಿಯನ್ನು ಕೆಳಗೆ ಮಾಡಿಕೊಡಿ ಎಂದು ಕೇಳಿದರು. ಕಾಲೇಜು ಒಪ್ಪಿತು. ಪಾಠ ಕೆಳಗಿಳಿದು ಬಂತು.

ಈ ಪ್ರಸಂಗವನ್ನು ಎತ್ತಿಕೊಂಡ ಭಾಷಣ ನಾನಿನ್ನೂ ಕೇಳಿಲ್ಲ. ಎತ್ತಿಕೊಂಡಿದ್ದರೆ ಆವತ್ತು ಮೈಕನ್ನು ಕಳಚಿ, ಆ ಹುಡುಗನ ಸೈಕಲ್ಲಿನ ಪಕ್ಕಕ್ಕೆ ತರಬೇಕಾಗುತ್ತಿತ್ತು.